ಬಿಡಿ ಮೇಡಂ

ಭಾನುವಾರದಿಂದ ಕಿವಿಯಲ್ಲಿ ಕೂತಿರುವುದು ಅದೊಂದೇ ಮಾತು. "ಬಿಡಿ ಮೇಡಂ, ನಾನು ಹಿಡ್ಕೋತೀನಿ."

ಹೇಳಿದವನು ಬೋಟಿನ ಹುಡುಗ. ಇಪ್ಪತ್ತು ದಾಟಿರಲಿಕ್ಕಿಲ್ಲ. ಒಳ್ಳೆಯವನೇ, ಬೆಳಗಿನಿಂದ ನಾವು ನಾಲ್ವರೂ ಸರದಿಯಲ್ಲಿ ವಾಂತಿ ಮಾಡುತ್ತಿದ್ದಾಗ ಬಕೆಟ್ ಹಿಡಿದವನು. ಅವನ ಮೇಲೆ ಸಿಟ್ಟಿಲ್ಲ ಅಂತ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೇನೆ. ಅಂದರೆ ಇದೆ ಅಂತಲೇ ಅರ್ಥ.

ಹೆಂಗಸರ ಗಾಳದ ಪಂದ್ಯ. ಗಾಳಿ ಜೋರಿದೆ ಎಂದು ಶುರುವಾಗುವುದನ್ನೇ ಒಂದು ಗಂಟೆ ತಡ ಮಾಡಿದರು, ರದ್ದು ಮಾಡಲಿಲ್ಲ. ಕಡಲಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಅಲೆಯ ತಲೆ ಮೇಲೆ ಬಿಳಿ ನೊರೆ ಕಂಡರೆ ಗಾಳಿ 17 ನಾಟ್ (ಗಂಟೆಗೆ ಸುಮಾರು 31 ಕಿ.ಮೀ.) ದಾಟಿದೆ ಅಂತ ಲೆಕ್ಕ. ನಮಗೆ ಬಂದರು ದಾಟುತ್ತಲೇ ಕಂಡಿತು. ಒಳಗಿವಿ ನೀನು ಅಲ್ಲಾಡುತ್ತಿದ್ದೀಯ ಅನ್ನುತ್ತದೆ, ಕಣ್ಣು ಎದುರಿನ ಗಾಳದ ಡಬ್ಬಿ ನೋಡಿ ಇಲ್ಲ, ನಿಂತಿದ್ದೀಯ ಅನ್ನುತ್ತದೆ. ಇವರಿಬ್ಬರ ಜಗಳದಲ್ಲಿ ಸಾಯುವುದು ಹೊಟ್ಟೆ. "ದೂರ ನೋಡಿ, ದಿಗಂತ ನೋಡಿ" ಎಂದರು ಕ್ಯಾಪ್ಟನ್. ದಿಗಂತವೇ ಒಮ್ಮೆ ತಲೆ ಮೇಲೆ, ಒಮ್ಮೆ ಕಾಲ ಕೆಳಗೆ!

ಹನ್ನೊಂದರ ಹೊತ್ತಿಗೆ ನನ್ನ ರಾಡಿನ ರೀಲ್, ಅಂದರೆ ದಾರ ಸುತ್ತುವ ರಾಟೆ, ಕಿರ್ರೆಂದಿತು. ತುದಿ ಒಳಕ್ಕೆ ಬಾಗಿದ ಗಾಳ ನಮ್ಮದು, ಸರ್ಕಲ್ ಹುಕ್ ಅಂತಾರೆ; ಅದಕ್ಕೆ ಜಗ್ಗಿ ಕುಕ್ಕುವ ಹಾಗಿಲ್ಲ. ನಿಧಾನಕ್ಕೆ ಸುತ್ತುತ್ತಾ ಹೋದರೆ ಗಾಳ ತಾನೇ ತಿರುಗಿ ಮೀನಿನ ಬಾಯಂಚಿಗೆ ಕಚ್ಚಿಕೊಳ್ಳುತ್ತದೆ. 30 ಪೌಂಡ್ ತಡೆಯುವ ಲೈನು, ರೀಲಿನ ಬಿಗಿ, ಅಂದರೆ ಡ್ರ್ಯಾಗ್, 9 ಪೌಂಡಿಗೆ ಇಟ್ಟಿದ್ದೆ. ಮೀನು ಎಳೆದರೆ ಕೊಡಬೇಕು, ನಿಂತರೆ ಸುತ್ತಬೇಕು, ಅಷ್ಟೇ ವಿದ್ಯೆ. ಆದರೆ ಇಂಥ ಕಡಲಲ್ಲಿ ಮೀನಿಗಿಂತ ಬೋಟೇ ಹೆಚ್ಚು ಎಳೆಯುತ್ತದೆ. ಅಲೆ ಎತ್ತಿದಾಗ ಲೈನು ತಂತಿಯ ಹಾಗೆ ಬಿಗಿಯುತ್ತದೆ, ಇಳಿಸಿದಾಗ ಜೋಲುತ್ತದೆ. ಜೋಲಿದ ಆ ಒಂದು ಚಣದಲ್ಲೇ ಗಾಳ ಕಳಚುವುದು. ಹಾಗಾಗಿ ಮೊಣಕಾಲು ಮಡಚಿ, ಬೋಟು ಏರಿದಾಗ ರಾಡ್ ತಗ್ಗಿಸಿ, ಇಳಿದಾಗ ಎತ್ತಿ... ಅಷ್ಟರಲ್ಲಿ ಅದು ನೀರಿಂದ ಹಾರಿತು. ಮಾಹಿ-ಮಾಹಿ. ಹಸಿರು, ನೀಲಿ, ಹೊಟ್ಟೆಯಲ್ಲಿ ಅರಿಶಿನ ಹಳದಿ.

ಅದನ್ನೇ ನೋಡುತ್ತಾ ನಿಂತದ್ದು ನನ್ನ ತಪ್ಪು. ಅಡ್ಡ ಅಲೆ ಬಡಿದು ಎಡ ಮೊಣಕಾಲು ಡೆಕ್ಕಿಗೆ ಕುಟ್ಟಿತು. ಆಗಲೇ ಬಂತು, "ಬಿಡಿ ಮೇಡಂ." ರೀಲಿನ ಮೇಲ್ಗಡೆ ಅವನ ಎರಡೂ ಕೈ. ನಾನು ಬಿಡಲಿಲ್ಲ. ಎರಡು ಸೆಕೆಂಡಿನ ಮೇಲೆ ಅವನೇ ಬಿಟ್ಟ.

ಗಾಳದವರಿಗೆ ಮುಂದಿನದು ಗೊತ್ತು. ಮೀನು ಸಿಕ್ಕಿಬಿದ್ದ ಮೇಲೆ ಬೇರೆಯವರ ಬೆರಳು ರಾಡಿಗೋ ರೀಲಿಗೋ ತಾಗಿದರೆ ಆ ಮೀನು ಲೆಕ್ಕಕ್ಕಿಲ್ಲ. 1939ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಗೇಮ್ ಫಿಶ್ ಅಸೋಸಿಯೇಷನ್ನಿನ ನಿಯಮ ಅದು, ನಮ್ಮ ಪಂದ್ಯಕ್ಕೂ ಅದೇ. ಕೊನೆಗೆ ಲೀಡರ್, ಅಂದರೆ ಗಾಳದ ಹತ್ತಿರದ ಗಟ್ಟಿ ದಾರ, ಹಿಡಿದು ಬೇರೆಯವರು ಮೀನು ಎತ್ತಿಕೊಡಬಹುದು. ಅಲ್ಲಿಯವರೆಗೆ ಒಬ್ಬಳೇ.

ಇಪ್ಪತ್ತು ನಿಮಿಷಕ್ಕೆ ಮೀನು ಬೋಟಿಗೆ ಬಂತು. ನೋಡನೋಡುತ್ತಲೇ ಅದರ ಬಣ್ಣ ಇಳಿದು ಬೂದಿಯಾಯಿತು. "ಬಿಡೇ, ಯಾರು ನೋಡಿದ್ರು?" ಅಂದಳು ನಮ್ಮ ತಂಡದವಳು. ಹೋದ ಸಲ ಪಕ್ಕದ ಬೋಟಿನವರು ಸಮಯ ಮೀರಿದರೆಂದು ಊರೆಲ್ಲ ಹೇಳಿಕೊಂಡು ಬಂದವಳು ಇವಳೇ. ತೂಕದ ಕಟ್ಟೆಯಲ್ಲಿ ನಾನು ಹೇಳಿಬಿಟ್ಟೆ. ಗೀಟು ಎಳೆದರು. ಅವಳು ಇವತ್ತಿಗೂ ಮಾತಾಡಿಲ್ಲ.

ನನಗೆ ಕೊರೆಯುತ್ತಿರುವುದು ಮೀನಲ್ಲ. ಬೀಳುತ್ತಿದ್ದವಳು ನಾನು, ಅವನು ಹಿಡಿದದ್ದು ರಾಡನ್ನು! ನನ್ನ ಲೈಫ್ ಜಾಕೆಟ್ಟಿಗೆ ಹಿಡಿಯುವುದಕ್ಕೆಂದೇ ಬೆನ್ನಲ್ಲಿ ಪಟ್ಟಿ ಇದೆ. ವಾಪಸ್ ಬರುವಾಗ ಕ್ಯಾಪ್ಟನ್ನರನ್ನು ಕೇಳಿದೆ, ಗಂಡಸರ ಪಂದ್ಯದಲ್ಲಿ ಇವನು ಹೀಗೆ ಕೈ ಹಾಕಿದ್ದುಂಟಾ ಅಂತ. ಅವರು ನಕ್ಕರು. "ಅವರು ಬೈತಾರಲ್ಲ ಮೇಡಂ, ಮುಟ್ಟಲ್ಲ."

1922ರಲ್ಲಿ ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಗಾಳ ಹಾಕಿ ಹಿಡಿದ 64 ಪೌಂಡಿನ ಸಾಲ್ಮನ್ ಇವತ್ತಿಗೂ ಬ್ರಿಟನ್ನಿನ ದಾಖಲೆ. ಇದನ್ನು ಎಷ್ಟು ಜನಕ್ಕೆ ಹೇಳಿ ತಲೆ ತಿಂದಿದ್ದೇನೋ. ಹೆಂಗಸಿಗೆ ಮೀನು ಹಿಡಿಯಲು ಬರುತ್ತದೆ ಎಂದು ಸಾಧಿಸುವುದರಲ್ಲೇ ನನ್ನ ಆಯಸ್ಸು ಹೋಯಿತು. ಬಿಡದೆ ಹಿಡಿದುಕೊಳ್ಳುವುದು ಬೇರೆಯೇ ವಿದ್ಯೆ, ಅದನ್ನು ಅಭ್ಯಾಸ ಮಾಡಿಯೇ ಇಲ್ಲ. ಕಾರು ರಿವರ್ಸ್ ಹಾಕುವಾಗ "ಬಿಡು", ಡಬ್ಬಿಯ ಮುಚ್ಚಳ ಬಿಗಿಯಾದರೆ "ಬಿಡು", ಮೀಟಿಂಗಿನಲ್ಲಿ ನನ್ನದೇ ಲೆಕ್ಕ ವಿವರಿಸುವಾಗ "ಬಿಡಿ, ನಾನು ಹೇಳ್ತೀನಿ". ಎಲ್ಲ ಪ್ರೀತಿಯಿಂದಲೇ. ಅದಕ್ಕೇ ಬೈಯಲು ಬಾಯಿ ಬರುವುದಿಲ್ಲ.

ತಂಡದ ಇನ್ನೊಬ್ಬಳು ಆ ಹೊತ್ತಿನ ವಿಡಿಯೊ ಮಾಡಿದ್ದಳಂತೆ, ನಿನ್ನೆ ಕಳಿಸಿದಳು. ಗಾಳಿ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ನಾಲ್ಕನೇ ಸಲಕ್ಕೆ ಇಯರ್‌ಫೋನ್ ಹಾಕಿ ನೋಡಿದೆ. ಅವನು ರಾಡಿನಿಂದ ಕೈ ತೆಗೆಯುತ್ತಾನೆ. ಮೊಣಕಾಲ ಮೇಲೆ ಕೂತೇ ನಾನು ಏನೋ ಅನ್ನುತ್ತೇನೆ.

"ಥ್ಯಾಂಕ್ಸ್ ಕಣಪ್ಪಾ."