ಕುಂದವಾಡ ಕೆರೆಗೆ ಕಾಯಕ್ ಬಂದರೆ

ಅಮೆರಿಕದ ಕೆಲವು ಸಾರ್ವಜನಿಕ ಉದ್ಯಾನಗಳಲ್ಲಿ ಸಿಬ್ಬಂದಿಯೇ ಇಲ್ಲದ ಕಾಯಕ್ (ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ದೋಣಿ) ಬಾಡಿಗೆ ಪೆಟ್ಟಿಗೆಗಳಿವೆ. ಮೊಬೈಲ್ ಆ್ಯಪ್‌ನಲ್ಲಿ ಸಮಯ ಕಾಯ್ದಿರಿಸಿ, ಅಪಾಯದ ಹೊಣೆ ನನ್ನದೆಂಬ ಕರಾರಿಗೆ ಒಪ್ಪಿ ಹಣ ಕಟ್ಟಿದರೆ, ಬೀಗ ತೆರೆದುಕೊಂಡು ದೋಣಿ, ಹುಟ್ಟು, ಲೈಫ್ ಜಾಕೆಟ್ ಮೂರೂ ಕೈಗೆ ಸಿಗುತ್ತವೆ.

ದಾವಣಗೆರೆ ಜಿಲ್ಲೆಯಲ್ಲಿ ಇದಕ್ಕೆ ಜಾಗ ಹುಡುಕುವವರು ಸಾಮಾನ್ಯವಾಗಿ ಸೂಳೆಕೆರೆಯ ಹೆಸರು ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ, ಅಷ್ಟು ವಿಶಾಲವಾದ ನೀರಿನಲ್ಲಿ ಗಾಳಿ ಎದ್ದರೆ ಹೊಸಬರು ದಡಕ್ಕೆ ಮರಳುವುದೇ ಕಷ್ಟ, ಕೂಗಿದರೂ ಕೇಳುವವರಿರುವುದಿಲ್ಲ. ನಗರದ ಕುಂದವಾಡ ಕೆರೆಯಾದರೆ ಸುತ್ತಲೂ ವಾಯುವಿಹಾರಿಗಳ ಕಣ್ಣಿರುತ್ತದೆ. ಅದು ಕುಡಿಯುವ ನೀರಿನ ಕೆರೆಯಾದ್ದರಿಂದ ಮಹಾನಗರ ಪಾಲಿಕೆ ಹಿಂಜರಿಯುವುದು ಸಹಜ. ಕಾಯಕ್‌ಗೆ ಮೋಟಾರಿಲ್ಲ, ಎಣ್ಣೆ ಸೋರುವುದಿಲ್ಲ ಎಂಬುದನ್ನು ಮನವರಿಕೆ ಮಾಡಿಕೊಡಬೇಕು, ಹಕ್ಕಿಗಳು ಕೂರುವ ಭಾಗಕ್ಕೆ ಹೋಗದಂತೆ ತೇಲುಗುಂಡುಗಳ ಗಡಿಯನ್ನೂ ಹಾಕಬೇಕು.

ನಿಜವಾದ ತೊಡಕು ಲೈಫ್ ಜಾಕೆಟ್‌ನದು. ಬಕಲ್ ಬಿಗಿದ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆಳೆದಾಗ ಅದು ಕಿವಿಯವರೆಗೆ ಏರಿದರೆ ಅಳತೆ ದೊಡ್ಡದೆಂದೇ ಅರ್ಥ. ಇದನ್ನು ಪರೀಕ್ಷಿಸುವ ಮನುಷ್ಯ ಅಲ್ಲಿರುವುದಿಲ್ಲ. ಆದ್ದರಿಂದ ಮಕ್ಕಳ ಅಳತೆಯವನ್ನು ಬೇರೆ ಬಣ್ಣದಲ್ಲಿಟ್ಟು, ಪೆಟ್ಟಿಗೆಯ ಬಾಗಿಲ ಮೇಲೆಯೇ ಕನ್ನಡದಲ್ಲಿ ಚಿತ್ರಸಹಿತ ವಿವರಣೆ ಬರೆಸಬೇಕು. ಒದ್ದೆ ಜಾಕೆಟ್ ಮುಚ್ಚಿದ ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿಯುತ್ತದೆ, ಹಾಗಾಗಿ ದಿನವೂ ಒಣಗಿಸಿ, ಹೊಲಿಗೆ ನೋಡಿ ಒಳಗಿಡಲು ಸ್ಥಳೀಯರೊಬ್ಬರಿಗೆ ಸಂಬಳ ಕೊಡಲೇಬೇಕಾಗುತ್ತದೆ. ಯುಪಿಐ ಇರುವಾಗ ಹಣದ ವಿಷಯ ಸಲೀಸು. ಆರಂಭದಲ್ಲಿ ಬೆಳಗಿನ ಹೊತ್ತಿಗಷ್ಟೇ ಬೀಗ ತೆರೆಯುವಂತೆ ಮಾಡಿ, ಆಷಾಢದ ಗಾಳಿಯ ದಿನಗಳಲ್ಲಿ ಕಾಯ್ದಿರಿಸುವಿಕೆಯನ್ನೇ ನಿಲ್ಲಿಸುವುದು ಲೇಸು.