ಕ್ಯಾಲಿಫೋರ್ನಿಯಾದ ಶಾಲೆ ಮತ್ತು ನಮ್ಮ ತಾಯಿ ಕಾರ್ಡ್

ಮಕ್ಕಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟವರಿಗೆ ನಾನು ಮೊದಲು ಹೇಳುವ ಮಾತು: ತಾಯಿ ಕಾರ್ಡನ್ನು ಪಾಸ್‌ಪೋರ್ಟಿನ ಜತೆಗೇ ಇಟ್ಟುಕೊಳ್ಳಿ. ಸರ್ಕಾರಿ ಶಾಲೆಯಿರಲಿ, ಖಾಸಗಿ ಶಾಲೆಯಿರಲಿ, ಲಸಿಕೆ ದಾಖಲೆ ನೋಡದೆ ಇಲ್ಲಿ ಮಗುವನ್ನು ಸೇರಿಸಿಕೊಳ್ಳುವುದಿಲ್ಲ.

ಫ್ರೀಮಾಂಟ್‌ನಲ್ಲಿ ಮಗಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ಆಫೀಸಿನಾಕೆ ಕಾರ್ಡಿನ ಒಂದೊಂದು ತಾರೀಖಿನ ಮೇಲೂ ಪೆನ್ಸಿಲ್ ಇಟ್ಟು ಓದಿದರು. ಒಂಬತ್ತನೇ ತಿಂಗಳಲ್ಲಿ ಹಾಕಿಸಿದ್ದ ದಡಾರ-ರುಬೆಲ್ಲಾ ಚುಚ್ಚುಮದ್ದು ಲೆಕ್ಕಕ್ಕೆ ಬರಲಿಲ್ಲ. ಇಲ್ಲಿ ದಡಾರ, ರುಬೆಲ್ಲಾ ಜತೆಗೆ ಮಂಗನಬಾವಿಗೂ ಸೇರಿದ ಎಂಎಂಆರ್ ಲಸಿಕೆಯೇ ಬೇಕು, ಅದರ ಎರಡೂ ಡೋಸ್ ವರ್ಷ ತುಂಬಿದ ಮೇಲೆ ಆಗಿರಬೇಕು. 2016ರ ಏಪ್ರಿಲ್ 1ರಿಂದೀಚೆಗೆ ಹಾಕಿಸಿದ ಪೋಲಿಯೋ ಹನಿಯನ್ನೂ ಎಣಿಸುವುದಿಲ್ಲ. ಆಗಿನಿಂದ ಹನಿಯಲ್ಲಿರುವುದು ಮೂರರ ಬದಲು ಎರಡೇ ಬಗೆಯ ವೈರಸ್. ಪೋಲಿಯೋ ಚುಚ್ಚುಮದ್ದೇ ಬೇಕು. ಚಿಕನ್‌ಪಾಕ್ಸ್ ಲಸಿಕೆಯಂತೂ ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇರಲೇ ಇಲ್ಲ. ಗಾಬರಿಯಾಗಬೇಡಿ. ಬಾಕಿ ಡೋಸ್ ಶುರು ಮಾಡಿಸಿದರೆ, ಮುಂದಿನದಕ್ಕೆ ಇನ್ನೂ ದಿನವಿದ್ದರೆ, ಷರತ್ತಿನ ಮೇಲೆ ಸೇರಿಸಿಕೊಳ್ಳುತ್ತಾರೆ.

"ಇಷ್ಟೆಲ್ಲ ಯಾಕೆ, ಡಾಕ್ಟರ ಹತ್ರ ಲಸಿಕೆ ಬೇಡ ಅಂತ ಒಂದು ಚೀಟಿ ಬರೆಸಿಕೊಂಡ್ರೆ ಆಗಲ್ವೇನೇ?" ಅಂತ ಊರಿನಿಂದ ಅತ್ತಿಗೆ ಕೇಳಿದರು. ಆ ಚೀಟಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಮೊದಲು ಇಲ್ಲಿ "ಲಸಿಕೆಯಲ್ಲಿ ನನಗೆ ನಂಬಿಕೆಯಿಲ್ಲ" ಎಂದು ಬರೆದುಕೊಟ್ಟರೂ ವಿನಾಯಿತಿ ಸಿಗುತ್ತಿತ್ತು. 2014ರ ಡಿಸೆಂಬರಿನಲ್ಲಿ ಡಿಸ್ನಿಲ್ಯಾಂಡ್‌ನಿಂದ ದಡಾರ ಹರಡಿ ನೂರಕ್ಕೂ ಹೆಚ್ಚು ಜನ ಮಲಗಿದ ಮೇಲೆ ಜನರಿಗೂ ಶಾಸಕರಿಗೂ ಬಿಸಿ ಮುಟ್ಟಿತು. ಮಕ್ಕಳ ವೈದ್ಯರೂ ಆಗಿದ್ದ ಸೆನೆಟರ್ ರಿಚರ್ಡ್ ಪ್ಯಾನ್ ಮತ್ತು ಬೆನ್ ಆಲನ್ ತಂದ ಎಸ್‌ಬಿ 277 ಮಸೂದೆಗೆ 2015ರ ಜೂನ್ 30ರಂದು ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ನಂಬಿಕೆಯ ಹೆಸರಿನ ವಿನಾಯಿತಿ ಹೋಯಿತು, ವೈದ್ಯಕೀಯ ಕಾರಣದ್ದು ಉಳಿಯಿತು. ಬೇಡವೆನ್ನುವವರಿಗೆ ಮನೆಯಲ್ಲೇ ಓದಿಸುವ ದಾರಿಯಿದೆ.

ಆದರೆ ಕೆಲವು ಡಾಕ್ಟರುಗಳು ನೂರಾರು ಡಾಲರ್ ತೆಗೆದುಕೊಂಡು ಚೀಟಿ ಬರೆದುಕೊಡತೊಡಗಿದರು. ವೈದ್ಯಕೀಯ ವಿನಾಯಿತಿಗಳು ಹೆಚ್ಚುತ್ತಲೇ ಹೋದವು. ನನಗೆ ಸಿಟ್ಟು ಬರುವುದು ಇಲ್ಲೇ. ರಕ್ತದ ಕ್ಯಾನ್ಸರಿಗೆ ಕಿಮೋ ಪಡೆಯುತ್ತಿರುವ ಮಗುವಿಗೆ ಎಂಎಂಆರ್, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ವೈರಸ್ ಇರುವಂಥದ್ದು) ಕೊಡುವಂತಿಲ್ಲ. ಹಿಂದಿನ ಡೋಸಿಗೆ ಉಸಿರು ಕಟ್ಟುವಷ್ಟು ಅಲರ್ಜಿಯಾದ ಮಗುವಿಗೂ ಅದೇ ಲಸಿಕೆ ಮತ್ತೆ ಹಾಕುವಂತಿಲ್ಲ. ಆ ಮಕ್ಕಳಿಗೆ ರಕ್ಷಣೆ ಅಂದರೆ ಪಕ್ಕದ ಬೆಂಚಿನ ಮಗು ಹಾಕಿಸಿಕೊಂಡ ಲಸಿಕೆ. ಅವರಿಗೆಂದು ಇಟ್ಟ ಸೌಲಭ್ಯವನ್ನು ದುಡ್ಡು ಕೊಟ್ಟು ಕೊಂಡವರು ಅವರನ್ನೇ ಅಪಾಯಕ್ಕೆ ದೂಡಿದರು.

ಹಾಗಾಗಿ 2019ರಲ್ಲಿ ಎಸ್‌ಬಿ 276 ಎಂಬ ಇನ್ನೊಂದು ಕಾಯ್ದೆ ಬಂತು. 2021ರ ಜನವರಿಯಿಂದ ಡಾಕ್ಟರು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದರೆ ನಡೆಯದು, ರಾಜ್ಯದ ಆನ್‌ಲೈನ್ ವ್ಯವಸ್ಥೆಯಲ್ಲೇ ಕಾರಣ ಸಮೇತ ತುಂಬಬೇಕು. ಅದಕ್ಕೆ ಹಣ ಕೇಳುವಂತಿಲ್ಲ. ತಾತ್ಕಾಲಿಕ ವಿನಾಯಿತಿ ಒಂದು ವರ್ಷ ಮೀರುವಂತಿಲ್ಲ. ಒಬ್ಬ ಡಾಕ್ಟರು ವರ್ಷಕ್ಕೆ ಐದು ಅಥವಾ ಹೆಚ್ಚು ವಿನಾಯಿತಿ ಕೊಟ್ಟರೆ, ಇಲ್ಲವೇ ಶಾಲೆಯ ಲಸಿಕೆ ಪ್ರಮಾಣ ಶೇ 95ಕ್ಕಿಂತ ಇಳಿದರೆ, ಆರೋಗ್ಯ ಇಲಾಖೆ ಪರಿಶೀಲಿಸುತ್ತದೆ. ರದ್ದಾದರೆ ಮೇಲ್ಮನವಿಗೆ ತಜ್ಞ ವೈದ್ಯರ ಸಮಿತಿಯಿದೆ, ಅದು ತೀರ್ಮಾನವಾಗುವವರೆಗೆ ಮಗು ಶಾಲೆಗೆ ಹೋಗಬಹುದು. ಇದು ನನಗೆ ನ್ಯಾಯವಾಗಿಯೇ ಕಂಡಿದೆ.

ಅತ್ತಿಗೆಗೂ ಇದನ್ನೇ ಹೇಳಿದೆ. ಬರುವ ಬೇಸಿಗೆಗೆ ಅವರ ತಂಗಿಯ ಸಂಸಾರ ಸ್ಯಾನ್ ಹೋಸೆಗೆ ಬರಲಿದೆ. ಹೊರಡುವ ಮುಂಚೆಯೇ ಮಕ್ಕಳ ಡಾಕ್ಟರ ಹತ್ತಿರ ಎಂಎಂಆರ್, ಚಿಕನ್‌ಪಾಕ್ಸ್, ಪೋಲಿಯೋ ಚುಚ್ಚುಮದ್ದು ಹಾಕಿಸಿ, ತಾರೀಖುಗಳನ್ನು ಇಂಗ್ಲಿಷಿನಲ್ಲಿ ಬರೆಸಿ, ಮೊಹರು ಒತ್ತಿಸಿಕೊಂಡು ಬರಲಿ.