ಓದು ಬರಹ ಬಾರದವಳ ಬದುಕು ಎಲ್ಲಿ ಸಿಗುತ್ತೆ?

ಗುಲಾಮಗಿರಿಯಿಂದ ಬಿಡುಗಡೆಯಾಗಿ ಲಾಸ್ ಏಂಜಲೀಸ್‌ನಲ್ಲಿ ಆಸ್ತಿ ಮಾಡಿದ ಕಪ್ಪು ಹೆಂಗಸು ಬಿಡ್ಡಿ ಮೇಸನ್ ಬಗ್ಗೆ ಮಾತು ತೆಗೆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಆಕೆಗೆ ಓದೋಕೂ ಬರ್ತಿರ್ಲಿಲ್ಲ, ಬರೆಯೋಕೂ ಬರ್ತಿರ್ಲಿಲ್ಲ. ಮತ್ತೆ ಇಷ್ಟೆಲ್ಲ ಹೇಗೆ ಗೊತ್ತಾಯ್ತು?"

ನ್ಯಾಯವಾದ ಪ್ರಶ್ನೆಯೇ. ಆ ಕಾಲದಲ್ಲಿ ಗಾಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೋದ ಬಿಳಿ ಹೆಂಗಸರಲ್ಲಿ ಎಷ್ಟೋ ಮಂದಿ ಡೈರಿ ಬರೆದಿಟ್ಟರು. ಬಿಡ್ಡಿ 1818ರಲ್ಲಿ ಹುಟ್ಟಿದ್ದೇ ಗುಲಾಮಳಾಗಿ. 1848ರಲ್ಲಿ ಒಡೆಯ ರಾಬರ್ಟ್ ಸ್ಮಿತ್ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಜೊತೆ ಮಿಸಿಸಿಪಿಯಿಂದ ಯೂಟಾಕ್ಕೆ ಹೊರಟ. ಈಕೆ ದನ ಹೊಡೆದುಕೊಂಡು ಗಾಡಿಗಳ ಹಿಂದೆ ನಡೆದಳು. ಕಂಕುಳಲ್ಲಿ ಹಸುಗೂಸು ಹ್ಯಾರಿಯೆಟ್, ಜೊತೆಗೆ ಇನ್ನಿಬ್ಬರು ಹೆಣ್ಣುಮಕ್ಕಳು ಎಲೆನ್ ಮತ್ತು ಆ್ಯನ್. 1851ರಲ್ಲಿ ಮತ್ತೆ ಪಯಣ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊಗೆ.

ಇಂಥವರನ್ನು ಹುಡುಕುವಾಗ ಜನಗಣತಿ ಜಾಸ್ತಿ ಸಹಾಯ ಮಾಡುವುದಿಲ್ಲ. 1850ರ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದು ಒಡೆಯನ ಹೆಸರು. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಹಾಗಾಗಿ ಒಡೆಯನ ಕುಟುಂಬದ ಉಯಿಲು, ತೆರಿಗೆ ಪಟ್ಟಿ, ಆಸ್ತಿ ಪಾಲಿನ ಕಾಗದ ಕೆದಕಬೇಕು. ಕುದುರೆ, ಹಾಸಿಗೆಗಳ ಸಾಲಿನಲ್ಲೇ ಮನುಷ್ಯರಿಗೂ ಬೆಲೆ ಬರೆದಿರುತ್ತಾರೆ. ಓದೋಕೆ ಹೊಟ್ಟೆ ಗಟ್ಟಿ ಇರಬೇಕು.

ಬಿಡ್ಡಿಯ ವಿಷಯದಲ್ಲಿ ನಿಜವಾದ ನಿಧಿ ಸಿಕ್ಕಿದ್ದು ಕೋರ್ಟಿನಲ್ಲಿ. ಕೋರ್ಟು ಮೆಟ್ಟಿಲು ಹತ್ತಬಾರದು ಅಂತಾರೆ, ಆದರೆ ವಂಶ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗುಲಾಮಗಿರಿಗೆ ಅವಕಾಶ ಇರಲಿಲ್ಲ. ಆದರೂ ಸ್ಮಿತ್ ಇವರನ್ನೆಲ್ಲ ಗುಲಾಮಗಿರಿ ನಡೆಯುತ್ತಿದ್ದ ಟೆಕ್ಸಾಸ್‌ಗೆ ಸಾಗಿಸಲು ಹೊರಟ. ಲಾಸ್ ಏಂಜಲೀಸ್‌ನ ಕಪ್ಪು ವ್ಯಾಪಾರಿ ರಾಬರ್ಟ್ ಓವೆನ್ಸ್ ಮತ್ತಿತರರು ಸುಮ್ಮನೆ ಕೂರಲಿಲ್ಲ. ವಿಷಯ ನ್ಯಾಯಾಧೀಶ ಬೆಂಜಮಿನ್ ಹೇಯ್ಸ್ ಮುಂದೆ ಹೋಯಿತು.

ಬಿಳಿಯರ ವಿರುದ್ಧ ಕಪ್ಪು ಜನ ಸಾಕ್ಷಿ ಹೇಳುವ ಹಾಗಿರಲಿಲ್ಲ, ಕಾನೂನೇ ಹಾಗಿತ್ತು. ಹೇಯ್ಸ್ ಬಿಡ್ಡಿಯನ್ನು ತಮ್ಮ ಕೋಣೆಗೆ ಕರೆಸಿ ಮಾತಾಡಿಸಿದರು. "ಹೇಳಿದ್ದನ್ನೆಲ್ಲ ಮಾಡಿಕೊಂಡು ಬಂದಿದ್ದೇನೆ, ಆದರೆ ಟೆಕ್ಸಾಸ್ ಸುದ್ದಿ ಕೇಳಿದಾಗಿನಿಂದ ಭಯ, ಅಲ್ಲೂ ಇಲ್ಲಿನಷ್ಟೇ ಸ್ವತಂತ್ರವಾಗಿ ಇರಬಹುದು ಅಂತ ಸ್ಮಿತ್ ಹೇಳಿದ್ದಾರೆ." ಆಕೆ ಅಂದದ್ದು ಇಷ್ಟು. ನನಗಂತೂ ಈ ನಾಲ್ಕು ಮಾತು ಒಂದಿಡೀ ಡೈರಿಗಿಂತ ಹೆಚ್ಚು. ಒಡೆಯನ ಮೇಲೆ ನೇರ ದೂರು ಹೇಳಲೇ ಇಲ್ಲ, ಆದರೂ ಹೇಳಬೇಕಾದ್ದನ್ನು ಹೇಳಿಬಿಟ್ಟಳು, ಅಲ್ವಾ?

1856ರ ಜನವರಿಯಲ್ಲಿ ತೀರ್ಪು ಬಂತು. ಬಿಡ್ಡಿ, ಹ್ಯಾನಾ ಎಂಬ ಇನ್ನೊಬ್ಬ ತಾಯಿ, ಇಬ್ಬರ ಮಕ್ಕಳು ಮರಿ ಸೇರಿ 14 ಜನ ಬಿಡುಗಡೆಯಾದರು. ಯಾರು ಯಾರ ಮಗು ಅನ್ನುವುದೂ ಅದರಲ್ಲೇ ಸಿಗುತ್ತದೆ. ಸಂಸಾರಕ್ಕೆ ಸಂಸಾರವೇ ಒಂದೇ ಕಾಗದದಲ್ಲಿ!

ಮುಂದಿನದು ಅಷ್ಟು ಕಷ್ಟವಿಲ್ಲ. ಎಲೆನ್ ಮದುವೆಯಾದದ್ದು ಓವೆನ್ಸ್ ಮಗ ಚಾರ್ಲ್ಸ್‌ನನ್ನು. ಬಿಡ್ಡಿ ಸೂಲಗಿತ್ತಿಯಾಗಿ, ರೋಗಿಗಳ ಆರೈಕೆ ಮಾಡಿ ಕಾಸು ಕೂಡಿಟ್ಟಳು. 1866ರಲ್ಲಿ 250 ಡಾಲರ್ ಕೊಟ್ಟು ಸ್ಪ್ರಿಂಗ್ ಸ್ಟ್ರೀಟ್‌ನಲ್ಲಿ ಜಾಗ ಕೊಂಡಳು. ಕ್ರಯಪತ್ರ ಆಕೆಯ ಹೆಸರಿನಲ್ಲೇ ಇದೆ. 1891ರಲ್ಲಿ ತೀರಿಕೊಂಡಾಗ ಆಕೆ ಸಾಕಷ್ಟು ಆಸ್ತಿವಂತೆ. ಹಾಗಿದ್ದೂ ಎವರ್‌ಗ್ರೀನ್ ಸ್ಮಶಾನದ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1988ರಲ್ಲಿ. ಸ್ಮಶಾನದಿಂದ ಹುಡುಕಾಟ ಶುರು ಮಾಡುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಮೊದಲು ನೋಂದಣಿ ಕಚೇರಿಗೆ ಹೋಗಿ, ಸಮಾಧಿ ಆಮೇಲೆ.